ನಾನು ಎಣಿಸಿದ ಹನ್ನೊಂದು ಮೌನಗಳು

ಹತ್ತು ವರ್ಷದ ಹಿಂದಿನ ಮಾತು. ಮೆಟ್ರೋ ರೈಲಿಗಾಗಿ ಚೆನ್ನೈನ ಮೌಂಟ್ ರೋಡನ್ನು ಅಗೆದು ಹಾಕಿದ್ದ ಕಾಲ. ನಾನು ಆಗ ರಿಹ್ಯಾಬಿಲಿಟೇಶನ್ ಕೌನ್ಸೆಲಿಂಗ್ ಎಂ.ಎಸ್ಸಿ.ಯ ಎರಡನೆಯ ವರ್ಷದಲ್ಲಿದ್ದೆ. ಬೆಸೆಂಟ್ ನಗರದ ಒಂದು ಪುನರ್ವಸತಿ ಕೇಂದ್ರದಲ್ಲಿ ಟ್ರೈನಿ. ವಿದ್ಯಾರ್ಥಿನಿ ಎಂದ ತಕ್ಷಣ ಇಪ್ಪತ್ತೆರಡರ ಹುಡುಗಿಯನ್ನು ಊಹಿಸಿಕೊಳ್ಳಬೇಡಿ. ನನಗೆ ನಲವತ್ನಾಲ್ಕು ತುಂಬಿತ್ತು. ಅದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ಒಬ್ಬ ವಕೀಲರ ಆಫೀಸಿನಲ್ಲಿ ಸ್ಟೆನೋಗ್ರಾಫರ್ ಆಗಿದ್ದೆ. ಶಾರ್ಟ್‌ಹ್ಯಾಂಡನ್ನು ಕೇಳುವವರೇ ಇಲ್ಲವಾದಾಗ, ಅಂಚೆ ಮೂಲಕ ಓದಿದ್ದ ಸೈಕಾಲಜಿ ಪದವಿಯ ಧೂಳು ಕೊಡವಿ ಮತ್ತೆ ಕಾಲೇಜಿಗೆ ಹೋದೆ. ತಿರುವಲ್ಲಿಕ್ಕೇಣಿಯ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಫೀಸನ್ನೂ ಕಟ್ಟಿದೆ.

ನಮ್ಮ ಕೆಲಸ ಏನೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಪಘಾತದಿಂದಲೋ ಕಾಯಿಲೆಯಿಂದಲೋ ದೇಹ, ಮನಸ್ಸು ಏಟು ತಿಂದವರು ಮತ್ತೆ ತಮ್ಮ ಬದುಕಿಗೆ, ಮುಖ್ಯವಾಗಿ ತಮ್ಮ ಕೆಲಸಕ್ಕೆ ಮರಳುವಂತೆ ನೋಡಿಕೊಳ್ಳುವುದು. ಮೂಳೆ ಕೂಡಿತೆ ಎಂದು ಡಾಕ್ಟರು ನೋಡುತ್ತಾರೆ, ಕಾಲು ಎಷ್ಟು ಮಡಚುತ್ತದೆ ಎಂದು ಫಿಸಿಯೋಥೆರಪಿಸ್ಟ್ ನೋಡುತ್ತಾರೆ. ಈ ಮನುಷ್ಯ ಈ ಕೆಲಸಕ್ಕೆ ನಿಜವಾಗಿ ಸಿದ್ಧನಿದ್ದಾನೆಯೆ ಎಂದು ನೋಡುವುದು ನಾವು. ಮೂವರ ಅಭಿಪ್ರಾಯವೂ ಸೇರಿ ಒಂದು ‘ರಿಟರ್ನ್ ಟು ವರ್ಕ್’ ರಿಪೋರ್ಟ್ ಆಗುತ್ತದೆ. ಟ್ರೈನಿ ಬರೆದ ರಿಪೋರ್ಟಿಗೆ ಮೇಲ್ವಿಚಾರಕರ ಸಹಿಯೂ ಬೀಳಬೇಕು.

ನನ್ನ ಮೇಲ್ವಿಚಾರಕಿ ಹೇಮಾ ಮೇಡಂ. ನನಗಿಂತ ಎರಡು ವರ್ಷ ಚಿಕ್ಕವರು, ಆದರೂ ಅವರನ್ನು ಕಂಡರೆ ನನಗೆ ಭಯ. ಮೊದಲ ವರ್ಷ ಪೂರ್ತಿ ಅವರಿಂದ ನಾನು ಬೈಸಿಕೊಂಡದ್ದು ಒಂದೇ ಕಾರಣಕ್ಕೆ: ನನ್ನ ಬಾಯಿ. ನಾನು ಹುಟ್ಟಾ ಬಾಯಿಬಡುಕಿ. ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾದರೆ ಸಾಕು, “ಯಾಕೆ, ಏನಾಯ್ತು, ತಲೆನೋವಾ, ನೀರು ಬೇಕಾ?” ಎಂದು ಮೇಲೆ ಬೀಳುತ್ತಿದ್ದೆ. ಕೌನ್ಸೆಲಿಂಗಿನಲ್ಲಿ ಅದು ದೊಡ್ಡ ತಪ್ಪು. ಎದುರಿಗೆ ಕುಳಿತವರು ಮಾತು ನಿಲ್ಲಿಸಿದಾಗ ಅವರೊಳಗೆ ಏನೋ ನಡೆಯುತ್ತಿರುತ್ತದೆ, ಅದಕ್ಕೆ ಜಾಗ ಬಿಡಬೇಕು ಎಂದು ನಮಗೆ ಕಲಿಸುತ್ತಾರೆ. “ಪದ್ಮಿನಿ, ನಿಮ್ಮ ಮುಂದೆ ಒಬ್ಬರು ಅಳಬೇಕು ಅಂದರೂ ನೀವು ಬಿಡೋದಿಲ್ಲ,” ಎಂದು ಮೇಡಂ ಇಡೀ ತರಗತಿಯ ಮುಂದೆ ಹೇಳಿದ್ದರು. “ಬಾಯಿ ಮುಚ್ಚಿ ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ. ನಡುವೆ ಮಾತಾಡಿದರೆ ಮಾರ್ಕ್ಸ್ ಇಲ್ಲ.”

ನಾನು ಕಲಿತೆ. ಹಠ ಹಿಡಿದು ಕಲಿತೆ. ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ, ಗಂಡನ ಜೊತೆ ಜಗಳ ಆಡುವಾಗ ಸಹ ಎಣಿಸಿದೆ. ಎರಡನೆಯ ವರ್ಷ ಶುರುವಾಗುವ ಹೊತ್ತಿಗೆ ನಲವತ್ತರವರೆಗೂ ತುಟಿ ಬಿಚ್ಚದೆ ಕೂರುವ ಶಕ್ತಿ ಬಂದಿತ್ತು. ಹೆಮ್ಮೆಯಿಂದ ಬೀಗುತ್ತಿದ್ದೆ.

ಮಹೇಶ್ ನಮ್ಮ ಕೇಂದ್ರಕ್ಕೆ ಬಂದದ್ದು ಫೆಬ್ರವರಿಯಲ್ಲಿ. ಹೆಸರು ಬದಲಾಯಿಸಿದ್ದೇನೆ, ಬೇರೇನನ್ನೂ ಬದಲಾಯಿಸಿಲ್ಲ. ಮೈಸೂರಿನವನು, ಮೂವತ್ನಾಲ್ಕು ವರ್ಷ, ನುಂಗಂಬಾಕ್ಕಂನ ಒಂದು ಕ್ಲಬ್ಬಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಕೋಚ್. ಎಂಟು ತಿಂಗಳ ಹಿಂದೆ ಬೈಕ್ ಅಪಘಾತವಾಗಿ ಎಡಗಾಲಿನ ಮೂಳೆ ಮುರಿದಿತ್ತು, ತಲೆಗೂ ಪೆಟ್ಟಾಗಿ ಹತ್ತು ದಿನ ಐಸಿಯುನಲ್ಲಿದ್ದ. ಕಾಲಿಗೆ ರಾಡ್ ಹಾಕಿದ್ದರು. ಈಗ ಚೆನ್ನಾಗಿ ನಡೆಯುತ್ತಿದ್ದ. ಕ್ಲಬ್ಬಿನವರು ಬೇಸಿಗೆ ಕ್ಯಾಂಪಿಗೆ ಅವನನ್ನೇ ಮತ್ತೆ ಕರೆಯಲು ತಯಾರಿದ್ದರು, ರಿಪೋರ್ಟ್ ಕೇಳಿದ್ದರು. ಡಾಕ್ಟರ ಸರ್ಟಿಫಿಕೇಟು ಎರಡು ತಿಂಗಳ ಹಿಂದಿನದು. ಅದರಲ್ಲಿ ‘ಫಿಟ್ಸ್’ ಎಂಬ ಕಡೆ ‘ಇಲ್ಲ’ ಎಂದು ಬರೆದಿತ್ತು. ಕನ್ನಡದವನು ಎಂಬ ಕಾರಣಕ್ಕೆ ಫೈಲು ನನ್ನ ಕೈಗೆ ಬಂತು.

ನನ್ನ ಮದ್ರಾಸ್ ಕನ್ನಡ ಕೇಳಿ ಮೊದಲ ದಿನವೇ ಅವನಿಗೆ ನಗು. “ಕೊಂಚಂ ಇರಿ, ಫೈಲ್ ಎಡ್ಕೊಂಡು ಬರ್ತೀನಿ,” ಎಂದು ನಾನಂದರೆ, “ಕೊಂಚಂ ಅಂದ್ರೆ ಎಷ್ಟು ಹೊತ್ತು ಮೇಡಂ? ಮೈಸೂರಲ್ಲಿ ಆ ಅಳತೆ ಇಲ್ಲ,” ಎನ್ನುತ್ತಿದ್ದ. ಅಗಲ ಭುಜ, ಬಿಸಿಲಿಗೆ ಕಪ್ಪಾದ ಮುಖ, ಮಾತಿನಲ್ಲಿ ಚುರುಕು. ನೀರಿನ ವಿಷಯ ಬಂದರೆ ಕಣ್ಣು ಹೊಳೆಯುತ್ತಿತ್ತು. “ಮಗು ಮೊದಲ್ನೇ ಸಲ ನನ್ ಕೈ ಬಿಟ್ಟು ತೇಲುತ್ತಲ್ಲ ಮೇಡಂ, ಆಗ ಅದರ ಮುಖ ನೋಡ್ಬೇಕು ನೀವು. ಅದೊಂದಕ್ಕೇ ನಾನು ಬದುಕಿರೋದು.” ಹೀಗೆ ಹೇಳುವವನನ್ನು ಕೆಲಸಕ್ಕೆ ವಾಪಸು ಕಳಿಸದೆ ಇನ್ನು ಯಾರನ್ನು ಕಳಿಸುವುದು ಎಂದುಕೊಳ್ಳುತ್ತಿದ್ದೆ.

ಪ್ರತಿ ಗುರುವಾರ ಒಂದು ಗಂಟೆ ಮಾತುಕತೆ. ಅದರ ನಂತರ ‘ಪ್ರೊಸೆಸ್ ನೋಟ್ಸ್’ ಬರೆಯಬೇಕು. ಯಾರು ಏನು ಹೇಳಿದರು, ಹೇಗೆ ಕುಳಿತಿದ್ದರು, ಎಲ್ಲಿ ತಡೆದರು ಎಂಬುದೆಲ್ಲ ಅದರಲ್ಲಿರಬೇಕು. ಉಳಿದ ಟ್ರೈನಿಗಳು ನೆನಪಿನಿಂದ ಬರೆಯುತ್ತಿದ್ದರು. ನಾನು ಹಳೆಯ ಸ್ಟೆನೋ ಅಲ್ಲವೆ, ಮಡಿಲಲ್ಲಿ ಪ್ಯಾಡ್ ಇಟ್ಟುಕೊಂಡು ಕುಳಿತಲ್ಲೇ ಶಾರ್ಟ್‌ಹ್ಯಾಂಡಿನಲ್ಲಿ ಅಕ್ಷರಶಃ ಇಳಿಸುತ್ತಿದ್ದೆ, ಗೋಡೆಯ ಗಡಿಯಾರ ನೋಡಿ ಸೆಕೆಂಡುಗಳನ್ನೂ ಸೇರಿಸುತ್ತಿದ್ದೆ, ಆಮೇಲೆ ಬಿಡಿಸಿ ಬರೆಯುತ್ತಿದ್ದೆ.

ಮೊದಲ ವಾರ ಅಪಘಾತದ ದಿನದ ಬಗ್ಗೆ ಕೇಳಿದೆ. ಹೇಳುತ್ತ ಹೇಳುತ್ತ ಮಹೇಶ್ ಮಾತು ನಿಲ್ಲಿಸಿದ. ನನ್ನ ಭುಜದ ಆಚೆ ಎಲ್ಲೋ ನೋಡುತ್ತ ಕುಳಿತ. ನನ್ನ ನಾಲಿಗೆ ತುರಿಸಿತು. ಹಲ್ಲು ಕಚ್ಚಿ ಎಣಿಸಿದೆ. ಹನ್ನೆರಡಕ್ಕೆ ಅವನು ನನ್ನ ಕಡೆ ತಿರುಗಿ, “ಏನು ಕೇಳಿದ್ರಿ ಮೇಡಂ?” ಎಂದ. ನೋಟ್ಸಿನಲ್ಲಿ ಬರೆದೆ: ‘ಮೌನ, ಹನ್ನೆರಡು ಸೆಕೆಂಡ್. ಎರಡು ಸಲ ಎಂಜಲು ನುಂಗಿದರು. ಬಲಗೈ ಶರ್ಟಿನ ಗುಂಡಿಯ ಮೇಲಿತ್ತು. ನೋವಿನ ನೆನಪು.’ ಅದರ ಪಕ್ಕದಲ್ಲಿ ಹೇಮಾ ಮೇಡಂ ಹಸಿರು ಇಂಕಿನಲ್ಲಿ ಬರೆದರು: ‘ಮೌನವನ್ನು ಚೆನ್ನಾಗಿ ಬಳಸಿದ್ದೀರಿ.’ ಆ ಹಾಳೆಯನ್ನು ಮನೆಗೆ ಒಯ್ದು ಗಂಡನಿಗೆ ತೋರಿಸಿದೆ.

ಎರಡನೆಯ ವಾರ ಒಂದು ಮೌನ. ಮೂರನೆಯ ವಾರ ಒಂದು, ನಾಲ್ಕನೆಯ ವಾರ ಒಂದು. ಐದನೆಯ ವಾರ ಎರಡು. ತೀರಿಹೋದ ತಂದೆಯ ಮಾತು ಬಂದಾಗ ಒಂದು, ಕೆಲಸದ ಮಾತು ಬಂದಾಗ ಇನ್ನೊಂದು. ಆರನೆಯ ವಾರ ಕುಳಿತ ತಕ್ಷಣ ಸುಮ್ಮನೆ ಉಪಚಾರಕ್ಕೆ, “ಬೆಳಿಗ್ಗೆ ತಿಂಡಿ ಆಯ್ತಾ?” ಎಂದೆ. “ಆಯ್ತು, ಇಡ್ಲಿ...” ಎಂದವನು ಇಪ್ಪತ್ತೆಂಟು ಸೆಕೆಂಡ್ ಸುಮ್ಮನಾದ. ಇಡ್ಲಿಗೆ ಯಾರಾದರೂ ಇಪ್ಪತ್ತೆಂಟು ಸೆಕೆಂಡ್ ದುಃಖಪಡುತ್ತಾರೆಯೆ? ಈಗ ಕೇಳುತ್ತೇನೆ. ಆಗ ನಾನು ಬರೆದದ್ದು: ‘ಇಡ್ಲಿ ಎಂದಾಗ ಮೌನ. ತಾಯಿಯ ನೆನಪು ಇರಬಹುದು. ಮುಂದೆ ವಿಚಾರಿಸಬೇಕು.’ ಅಯ್ಯೋ, ನನ್ನ ಬುದ್ಧಿಗೆ ಇಷ್ಟು ಬೆಂಕಿ ಬೀಳಲಿ.

ಇನ್ನೊಂದನ್ನೂ ಹೇಳಲೇಬೇಕು. ಐದನೆಯ ವಾರ ಅವನ ಹೆಂಡತಿ ಲತಾ ಜೊತೆಗೆ ಬಂದಿದ್ದಳು. ಟಿ. ನಗರದ ಒಂದು ಶಾಲೆಯಲ್ಲಿ ಮ್ಯಾಥ್ಸ್ ಟೀಚರ್, ಮಾತು ಕಡಿಮೆ. ಅವನು ಹೊರಗೆ ಹೋದಾಗ ಕುರ್ಚಿಯ ತುದಿಗೆ ಸರಿದು ಕೇಳಿದಳು: “ಮೇಡಂ, ಇವ್ರು ಮಾತಾಡ್ತಾ ಮಾತಾಡ್ತಾ ಒಂದೊಂದ್ಸಲ ಹಾಗೇ ನಿಂತೋಗ್ತಾರೆ. ಮೊದ್ಲು ಹೀಗಿರ್ಲಿಲ್ಲ. ಏನಾದ್ರೂ ತೊಂದ್ರೇನಾ?”

ನಾನು ದೊಡ್ಡ ಪಂಡಿತೆಯ ಹಾಗೆ ನಕ್ಕೆ. “ಪರವಾಯಿಲ್ಲ ಲತಾ. ಮನಸ್ಸು ತನ್ನ ನೋವನ್ನು ಅರಗಿಸಿಕೊಳ್ಳೋದು ಹಾಗೇ. ಅವರು ಸುಮ್ಮನಾದಾಗ ಮಾತಾಡಿಸಬೇಡಿ, ಮುಟ್ಟಬೇಡಿ. ಮಗುವಿಗೂ ಹೇಳಿ,” ಎಂದೆ. ಅವಳ ಮುಖ ಹಗುರಾಯಿತು. ಕೈ ಹಿಡಿದು ಥ್ಯಾಂಕ್ಸ್ ಹೇಳಿ ಹೋದಳು.

ಏಳನೆಯದು ಕೊನೆಯ ಭೇಟಿ. ಅಂದು ನಾಲ್ಕು ಮೌನ, ಅದರಲ್ಲಿ ಒಂದು ನಲವತ್ತು ಸೆಕೆಂಡಿನದು. ಕಾಲೇಜಿನಲ್ಲಿ ಯಾರಿಗೂ ಸಿಕ್ಕದಷ್ಟು ಉದ್ದದ ಮೌನ ನನಗೆ ಸಿಕ್ಕಿತ್ತು. ನಿಯಮದ ಪ್ರಕಾರ ರಿಪೋರ್ಟಿಗೆ ಮುಂಚೆ ಒಮ್ಮೆ ಮನೆಗೆ ಹೋಗಿ ನೋಡಬೇಕು. ಪರೀಕ್ಷೆಯ ಗಲಾಟೆಯಲ್ಲಿ ನಾನು ಅದನ್ನು ಮುಂದಕ್ಕೆ ಹಾಕಿದ್ದೆ. ಕ್ಲಬ್ಬಿನವರು ಶುಕ್ರವಾರವೇ ರಿಪೋರ್ಟ್ ಬೇಕೆಂದರು. ಕ್ಯಾಂಪ್ ಸೋಮವಾರ ಶುರು. “ರಿಪೋರ್ಟ್ ಹೋಗಲಿ, ಶನಿವಾರ ಮನೆಗೆ ಹೋಗಿ ಬಂದು ಆ ಭಾಗವನ್ನು ಆಮೇಲೆ ಸೇರಿಸಿ,” ಎಂದರು ಹೇಮಾ ಮೇಡಂ. ‘ಮಕ್ಕಳಿಗೆ ಈಜು ಕಲಿಸುವ ಕೆಲಸಕ್ಕೆ ಮರಳಲು ಸಿದ್ಧರಿದ್ದಾರೆ’ ಎಂದು ಬರೆದು ನಾನು ಸಹಿ ಹಾಕಿದೆ. ಕೆಳಗೆ ಅವರೂ ಹಾಕಿದರು.

ಶನಿವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಟಿ. ನಗರದ ಸೀರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿದ್ದ ಅವರ ಮನೆಗೆ ಹೋದೆ. ಎರಡನೆಯ ಮಹಡಿ. ಬಾಗಿಲು ತೆರೆದವಳು ಲತಾ. “ಬನ್ನಿ ಮೇಡಂ, ಕೂತ್ಕೊಳ್ಳಿ. ಆದ್ರೆ ಅವ್ರಿಲ್ಲ. ನಿನ್ನೆ ಸಾಯಂಕಾಲ ರಿಪೋರ್ಟ್ ಸಿಕ್ಕಿದ್ದೇ ತಡ, ಕ್ಲಬ್ಬಿಂದ ಫೋನ್ ಬಂತು. ಇವತ್ತಿಂದ್ಲೇ ಬನ್ನಿ ಅಂದ್ರಂತೆ. ಹತ್ತು ಗಂಟೆಗೆ ಚಿಕ್ಕ್ ಮಕ್ಕಳ ಬ್ಯಾಚು. ಎಷ್ಟು ಖುಷಿಯಾಗಿ ಹೋದ್ರು ಅಂತೀರಾ!”

ಒಳ್ಳೆಯದೇ ಆಯಿತು ಎಂದೆ. ಲತಾ ಕಾಫಿ ಮಾಡಲು ಒಳಗೆ ಹೋದಳು. ನೆಲದ ಮೇಲೆ ಅವರ ಮಗಳು ಅನ್ವಿ ಬಣ್ಣ ಹಚ್ಚುತ್ತ ಕುಳಿತಿತ್ತು. ಆರು ವರ್ಷದ ಮಗು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ.

“ಅಪ್ಪನ ಜೊತೆ ಏನು ಆಟ ಆಡ್ತೀಯಾ ಕಂದ?” ಎಂದೆ.

“ಸ್ಟ್ಯಾಚ್ಯೂ,” ಎಂದಿತು. ಯಾರಾದರೂ ಸ್ಟ್ಯಾಚ್ಯೂ ಎಂದರೆ ಇದ್ದ ಹಾಗೆ ಕಲ್ಲಾಗಿ ನಿಲ್ಲಬೇಕು. ನಾವೆಲ್ಲ ಆಡಿದ ಆಟ. “ಯಾರು ಗೆಲ್ಲೋದು?”

“ಅಪ್ಪಾ ದಾನ್!” ಅಪ್ಪನೇ ಗೆಲ್ಲುವುದು. ಸ್ಟ್ಯಾಚ್ಯೂ ಎಂದು ಯಾರೂ ಹೇಳದೆಯೇ ಅಪ್ಪ ಸ್ಟ್ಯಾಚ್ಯೂ ಆಗಿಬಿಡುತ್ತಾನಂತೆ. ಕಚಗುಳಿ ಇಟ್ಟರೂ ನಗುವುದಿಲ್ಲವಂತೆ, ಮುಖದ ಮುಂದೆ ಕೈ ಆಡಿಸಿದರೂ ಕಣ್ಣು ಮಿಟುಕಿಸುವುದಿಲ್ಲವಂತೆ. ಈಗ ಅಮ್ಮ ಬೈಯುತ್ತಾಳೆ, ಆಗ ಮಾತಾಡಿಸಬಾರದಂತೆ. “ಆಂಟಿ, ಪಾರುಂಗೊ,” ನೋಡಿ ಎಂದು ಎದ್ದು ನಿಂತು ಮಗು ಅಪ್ಪನನ್ನು ಮಾಡಿ ತೋರಿಸಿತು.

ಕಣ್ಣುಗಳು ನನ್ನ ಭುಜದ ಆಚೆ ಎಲ್ಲೋ ನೆಟ್ಟವು. ಗಂಟಲು ಎರಡು ಸಲ ಎಂಜಲು ನುಂಗಿತು. ಬಲಗೈ ಮೇಲೆ ಹೋಗಿ ಫ್ರಾಕಿನ ಗುಂಡಿಯನ್ನು ಹಿಡಿದು ತಿರುವತೊಡಗಿತು.

ಇದನ್ನು ಎಲ್ಲೋ ಓದಿದ್ದೇನೆ ಎನ್ನಿಸಿತು. ಎಲ್ಲಿ ಓದುವುದು, ನಾನೇ ಬರೆದದ್ದು! ಏಳು ವಾರ, ಹನ್ನೊಂದು ಸಲ, ನನ್ನ ಕೈಯಾರೆ ಬರೆದದ್ದು. ಚೀಲದಿಂದ ನೋಟ್ಸ್ ತೆಗೆದು ಹಾಳೆ ತಿರುವಿದೆ. ಎಲ್ಲ ಕಡೆಯೂ ಅದೇ ಎಂಜಲು, ಅದೇ ಗುಂಡಿ, ಕೊನೆಗೆ ಅದೇ ಪ್ರಶ್ನೆ, “ಏನು ಕೇಳಿದ್ರಿ ಮೇಡಂ?” ಮೊದಲ ವಾರ ಹನ್ನೆರಡು ಸೆಕೆಂಡ್, ಕೊನೆಯ ವಾರ ನಲವತ್ತು. ಫಿಟ್ಸ್ ಎಂದರೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಬರುವುದು ಎಂದೇ ನಾವೆಲ್ಲ ತಿಳಿದಿರುತ್ತೇವೆ. ಮಹೇಶನೂ ಹಾಗೇ ತಿಳಿದು ಡಾಕ್ಟರಿಗೆ ‘ಇಲ್ಲ’ ಎಂದಿದ್ದ. ಆದರೆ ತಲೆಗೆ ಪೆಟ್ಟು ಬಿದ್ದವರಲ್ಲಿ ತಿಂಗಳುಗಳ ನಂತರ ಇನ್ನೊಂದು ಬಗೆಯದು ಶುರುವಾಗಬಹುದು. ಬೀಳುವುದಿಲ್ಲ, ನಡುಗುವುದಿಲ್ಲ. ಕಣ್ಣು ತೆರೆದಂತೆಯೇ ಪ್ರಜ್ಞೆ ಮಾತ್ರ ಇರುವುದಿಲ್ಲ. ಬಂದು ಹೋದದ್ದು ಅವರಿಗೇ ಗೊತ್ತಾಗುವುದಿಲ್ಲ. ಮೊದಲ ವರ್ಷದ ಮೂರನೆಯ ಪೇಪರಿನಲ್ಲಿ ಇದು ನಮಗೆ ಪಾಠವಿತ್ತು. ನಾನು ಅದಕ್ಕೆ ಒಳ್ಳೆಯ ಮಾರ್ಕ್ಸನ್ನೂ ತೆಗೆದಿದ್ದೆ.

ಗಡಿಯಾರ ಹತ್ತೂ ಐದು ತೋರಿಸುತ್ತಿತ್ತು. ಆ ಮನುಷ್ಯ ಈಗ ನೀರಿನಲ್ಲಿದ್ದಾನೆ, ಅವನ ಕೈಯಲ್ಲಿ ಮಕ್ಕಳಿದ್ದಾರೆ.

“ಲತಾ, ಅವರಿಗೆ ಫೋನ್ ಹಾಕಿ. ಬೇಗ, ಸೀಕ್ರಂ!” ಎಂದು ಕಿರುಚಿದೆ. ಅವಳು ಕಾಫಿ ಲೋಟ ಹಿಡಿದೇ ಓಡಿ ಬಂದಳು. ಮಹೇಶನ ಫೋನು ಬಡಿದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ನೀರಿಗಿಳಿದವನು ಫೋನು ಎಲ್ಲಿ ಎತ್ತುತ್ತಾನೆ? ಕ್ಲಬ್ಬಿನ ಆಫೀಸಿನ ನಂಬರಿಗೂ ಉತ್ತರವಿಲ್ಲ. ಹೇಮಾ ಮೇಡಂ ಎತ್ತಿದರು. ಎರಡು ವಾಕ್ಯದಲ್ಲಿ ಹೇಳಿದೆ. “ಹೋಗಿ. ನಾನು ಕ್ಲಬ್ಬಿನವರನ್ನು ಹಿಡಿಯಲು ನೋಡ್ತೀನಿ,” ಎಂದರು.

ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತೇನೆ ಎಂದಳು ಲತಾ. ನಾನು ಕಾಯಲಿಲ್ಲ. ಮೆಟ್ಟಿಲಿನಲ್ಲಿ ಅವಳ ದನಿ ಹಿಂದಿನಿಂದ ಕೇಳಿಸಿತು: “ಅವತ್ತು ನೀವೂ ಅವ್ರ ಮುಂದೆ ಸುಮ್ನೇ ಕೂತಿದ್ರಲ್ಲ ಮೇಡಂ. ಅದಕ್ಕೇ ಸರಿ ಇರ್ಬೇಕು ಅನ್ಕೊಂಡೆ!” ಅವಳು ಬೈದಿದ್ದರೂ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ದೂರವೇನೂ ಹೆಚ್ಚಿಲ್ಲ. ಆದರೆ ಶನಿವಾರದ ಟಿ. ನಗರ, ಮೇಲೆ ಅಗೆದ ರಸ್ತೆಗಳು. ಆಟೋ ಒಂದು ಕಡೆ ಬ್ಯಾರಿಕೇಡಿನ ಮುಂದೆ ನಿಂತೇ ಬಿಟ್ಟಿತು. ಆಟೋದವನು, “ಯಾಕಮ್ಮಾ ಅವಸರ, ಆಸ್ಪತ್ರೆಗಾ?” ಎಂದು ತಮಿಳಿನಲ್ಲಿ ಕೇಳಿದ. ಇನ್ನೂ ಅಲ್ಲ ಎಂದೆ. ನನ್ನ ಬಾಯಿಂದ ಬಂದ ಆ ‘ಇನ್ನೂ’ ಆಮೇಲೆ ನನಗೇ ಕೇಳಿಸಿತು.

ಕ್ಲಬ್ಬಿನ ಗೇಟು ದಾಟುವಾಗ ಹತ್ತೂವರೆ ಮೀರಿತ್ತು. ಓಡಿದೆ. ಈಜುಕೊಳದ ಹತ್ತಿರ ಬಂದು ನೋಡಿದರೆ ಎಲ್ಲ ಸರಿಯಾಗಿದೆ! ಬಿಸಿಲು, ನೀಲಿ ನೀರು, ಮಕ್ಕಳ ಕೇಕೆ. ಆಚೆ ತುದಿಯ ಆಳದಲ್ಲಿ ಇನ್ನೊಬ್ಬ ಕೋಚ್ ದೊಡ್ಡ ಹುಡುಗರನ್ನು ಈಜಿಸುತ್ತಿದ್ದ. ಈಚೆ ಸೊಂಟದ ಮಟ್ಟದ ನೀರಿನಲ್ಲಿ ಮಹೇಶ್, ಅವನೆದುರು ಗೋಡೆಯ ಕಂಬಿ ಹಿಡಿದು ಕಾಲು ಬಡಿಯುತ್ತಿದ್ದ ಐದು ಪುಟ್ಟ ಮಕ್ಕಳು. ಆರನೆಯದು, ಹಸಿರು ಟೋಪಿಯ ಒಂದು ಹುಡುಗಿ, ಅವನ ಅಂಗೈ ಮೇಲೆ ಹೊಟ್ಟೆ ಇಟ್ಟು ತೇಲುತ್ತಿತ್ತು. ನೆರಳಿನಲ್ಲಿ ತಾಯಂದಿರು ಮೊಬೈಲ್ ನೋಡುತ್ತ ಕುಳಿತಿದ್ದರು. ನನ್ನನ್ನು ಕಂಡು ಮಹೇಶ್ ನಕ್ಕ. “ಬಂದ್ರಾ ಮೇಡಂ! ಕೊಂಚಂ ಇರಿ,” ಎಂದು ನನ್ನ ಮಾತನ್ನೇ ನನಗೆ ಅಂದ.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ನಾನು ನಿಂತುಬಿಟ್ಟೆ. ಅವನ ಮುಖದ ಆ ಬೆಳಕು ನೋಡಿ ಬಾಯಿ ಬರಲಿಲ್ಲ. ಕ್ಲೈಂಟಿನ ಮಾನವನ್ನು ಅವನ ಕೆಲಸದ ಜಾಗದಲ್ಲಿ, ಹತ್ತು ಜನರ ಮುಂದೆ ತೆಗೆಯಬಾರದು ಎಂದು ನಮಗೆ ಕಲಿಸಿದ್ದಾರೆ. ಗೋಡೆಯ ಗಡಿಯಾರದಲ್ಲಿ ಬ್ಯಾಚ್ ಮುಗಿಯಲು ಏಳು ನಿಮಿಷ ಬಾಕಿ ಇತ್ತು. ಏಳು ನಿಮಿಷ ಕಾದು, ಪಕ್ಕಕ್ಕೆ ಕರೆದು, ಮೆಲ್ಲಗೆ ಹೇಳೋಣ ಅಂದುಕೊಂಡೆ. ಇಷ್ಟಕ್ಕೂ ನನ್ನ ಊಹೆಯೇ ತಪ್ಪಿದ್ದರೆ? ಕೊಳದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತೆ.

ಎರಡು ನಿಮಿಷವೂ ಆಗಿರಲಿಲ್ಲ. ಮಹೇಶ್ ಮಕ್ಕಳಿಗೆ, “ಕಿಕ್, ಕಿಕ್, ಕಿಕ್,” ಎನ್ನುತ್ತಿದ್ದವನು ನಿಲ್ಲಿಸಿದ. ಕಣ್ಣು ನನ್ನ ಭುಜದ ಆಚೆಗೆ ಹೋಯಿತು.

ಒಂದು, ಎರಡು, ಮೂರು, ನಾಲ್ಕು.

ಹೌದು. ನಾನು ಎಣಿಸಿದೆ. ಅಷ್ಟು ಹೆದರಿ ಓಡಿ ಬಂದವಳು, ಕಣ್ಣೆದುರೇ ಅದು ನಡೆಯುತ್ತಿರುವಾಗ, ಬಾಯಿ ಮುಚ್ಚಿಕೊಂಡು ನಾಲ್ಕರವರೆಗೆ ಎಣಿಸಿದೆ. ಕಲಿತ ವಿದ್ಯೆ ಮೈಯಲ್ಲಿ ಹಾಗೆ ಇಳಿದಿತ್ತು. ಅಷ್ಟರಲ್ಲಿ ಅವನ ಬಲಗೈ ನೀರಿನಿಂದ ಮೇಲೆ ಎದ್ದು ಎದೆಯ ಕಡೆಗೆ ಹೋಯಿತು; ಗುಂಡಿಯಿಲ್ಲದ ಎದೆಯ ಮೇಲೆ ಬೆರಳುಗಳು ಗುಂಡಿಯನ್ನು ಹುಡುಕಿದವು. ಆ ಕೈ ಮೇಲೆಯೇ ಹಸಿರು ಟೋಪಿಯ ಮಗು ತೇಲುತ್ತಿದ್ದದ್ದು. ಸದ್ದೇ ಆಗಲಿಲ್ಲ. ಟೋಪಿ ನೀರಿನ ಕೆಳಗೆ ಹೋಯಿತು.

“ಮಹೇಶ್!” ಎಂದು ಅರಚಿದೆ. ಅವನು ಅಲ್ಲಾಡಲಿಲ್ಲ. ತಾಯಂದಿರು ತಲೆ ಎತ್ತಿದರು. ಕಂಬಿ ಹಿಡಿದಿದ್ದ ಮಕ್ಕಳು ನಕ್ಕವು, ಆಟವೆಂದುಕೊಂಡು. ನನಗೆ ಈಜು ಬರುವುದಿಲ್ಲ. ಸೀರೆಯಲ್ಲೇ ಹಾರಿದೆ. ಕಾಲು ನೆಲ ಮುಟ್ಟಿತು, ಜಾರಿತು, ಮತ್ತೆ ಮುಟ್ಟಿತು. ನೀರಿನೊಳಗೆ ಕೈ ಆಡಿಸಿದೆ. ಮೊದಲು ಅವನ ಕಾಲು ಸಿಕ್ಕಿತು, ಆಮೇಲೆ ಒಂದು ಪುಟ್ಟ ತೋಳು. ಎತ್ತಿ ಹೆಗಲಿಗೆ ಹಾಕಿಕೊಂಡೆ. ಮಗು ಎರಡು ಕ್ಷಣ ಉಸಿರೇ ತೆಗೆಯಲಿಲ್ಲ. ಬೆನ್ನು ತಟ್ಟಿದೆ. ಕೆಮ್ಮಿತು, ನನ್ನ ಕುತ್ತಿಗೆಯ ಮೇಲೆಲ್ಲ ನೀರು ಕಾರಿತು, ಆಮೇಲೆ ಕಿಟಾರನೆ ಅತ್ತಿತು. ಅಷ್ಟು ಚೆನ್ನಾದ ಅಳುವನ್ನು ನಾನು ಇವತ್ತಿಗೂ ಕೇಳಿಲ್ಲ.

ಅಷ್ಟು ಹೊತ್ತೂ ಮಹೇಶ್ ನನ್ನಿಂದ ಒಂದು ಮಾರು ದೂರದಲ್ಲಿ ನಿಂತೇ ಇದ್ದ. ಎಂಜಲು ನುಂಗಿದ. ಮೆಲ್ಲನೆ ನನ್ನ ಕಡೆ ತಿರುಗಿದ. ಒದ್ದೆ ಸೀರೆಯಲ್ಲಿ ಮಗುವನ್ನು ತಬ್ಬಿಕೊಂಡು ನೀರಿನಲ್ಲಿ ನಿಂತಿದ್ದ ನನ್ನನ್ನು ಶಾಂತವಾಗಿ ನೋಡಿ ಹೇಳಿದ:

“ಏನು ಕೇಳಿದ್ರಿ ಮೇಡಂ?”

ಅಳುತ್ತಿದ್ದ ಮಗು, ಖಾಲಿಯಾದ ತನ್ನ ಕೈ, ಅಂಚಿನಲ್ಲಿ ಕೂಗಾಡುತ್ತಿದ್ದ ತಾಯಿ, ಒಂದೊಂದನ್ನೂ ಅವನು ನೋಡಿದ. ಅವನಿಗೆ ಅರ್ಥವಾಗುವುದನ್ನು ನಾನು ಎದುರಿನಲ್ಲೇ ನಿಂತು ನೋಡಿದೆ. ಇನ್ನೊಬ್ಬ ಕೋಚ್ ಬಂದು ಉಳಿದ ಮಕ್ಕಳನ್ನು ಮೇಲೆತ್ತಿದ. ಮಗುವಿಗೆ ಏನೂ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಐಸ್‌ಕ್ರೀಮ್ ಕೇಳಿತಂತೆ. ಮಹೇಶ್ ಮಾತ್ರ ಕೊಳದ ಅಂಚಿನಲ್ಲಿ ಟವೆಲ್ ಹೊದ್ದು ಕುಳಿತಿದ್ದ. ಲತಾ ಬಂದು ಪಕ್ಕದಲ್ಲಿ ಕುಳಿತಳು. ನಾನು ಎಲ್ಲವನ್ನೂ ಹೇಳಿದೆ. ಅವನು ಒಂದೇ ಮಾತು ಆಡಿದ: “ಸಿದ್ಧ ಇದಾರೆ ಅಂತ ನೀವೇ ಅಲ್ವಾ ಮೇಡಂ ಬರ್ದಿದ್ದು? ನಿಮ್ಮನ್ನ ನಂಬಿ ನೀರಿಗಿಳಿದೆ.”

ಸೋಮವಾರ ಹೇಮಾ ಮೇಡಂ ಮುಂದೆ ಏಳು ವಾರದ ನೋಟ್ಸನ್ನೂ ಇಟ್ಟೆ. ಅವರು ಒಂದೊಂದೇ ಹಾಳೆ ತಿರುವಿ ತಮ್ಮದೇ ಹಸಿರು ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. “‘ಮೌನವನ್ನು ಚೆನ್ನಾಗಿ ಬಳಸಿದ್ದೀರಿ.’ ‘ಬಹಳ ತಾಳ್ಮೆ.’ ‘ಇನ್ನೂ ಉದ್ದ ಬಿಡಬಹುದು.’” ಓದಿ ಮುಗಿಸಿ ಕನ್ನಡಕ ತೆಗೆದರು. “ಪದ್ಮಿನಿ, ಕಳೆದ ವರ್ಷದ ನೀವಾಗಿದ್ದರೆ ಮೊದಲ ದಿನವೇ ಅವನನ್ನು ಹಿಡಿದು ಅಲುಗಾಡಿಸಿ ಕೇಳಿರುತ್ತಿದ್ದಿರಿ. ಆ ಪದ್ಮಿನಿಯನ್ನು ತಿದ್ದಿದ್ದು ನಾನು,” ಎಂದರು. ಇಬ್ಬರ ಹೆಸರನ್ನೂ ಬರೆದು ಅವರೇ ವಿಶ್ವವಿದ್ಯಾಲಯಕ್ಕೆ ವರದಿ ಕಳಿಸಿದರು. ನಾನು ಇಂಟರ್ನ್‌ಶಿಪ್ಪಿನ ಆರು ತಿಂಗಳನ್ನು ಮತ್ತೆ ಮೊದಲಿಂದ ಮಾಡಿದೆ. ಆ ವರ್ಷ ಅವರೂ ಯಾರ ರಿಪೋರ್ಟಿಗೂ ಸಹಿ ಹಾಕಲಿಲ್ಲ.

ಮಹೇಶನಿಗೆ ಇ.ಇ.ಜಿ. ಆಯಿತು. ಅದು ಮಿದುಳಿನ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಪರೀಕ್ಷೆ. ಗೆರೆಗಳು ನನ್ನ ನೋಟ್ಸ್ ಹೇಳಿದ್ದನ್ನೇ ಹೇಳಿದವು. ಮಾತ್ರೆ ಶುರುವಾಯಿತು. ಕೊಳದ ಕೆಲಸ ಶಾಶ್ವತವಾಗಿ ಹೋಯಿತು. ಅವನ ಫೈಲನ್ನು ಬೇರೊಬ್ಬರಿಗೆ ಕೊಟ್ಟರು. ನಾನು ಫೋನ್ ಮಾಡಿದರೆ ಲತಾ ಎತ್ತಿ, “ಅವ್ರಿಗೆ ಇಷ್ಟ ಇಲ್ಲ ಮೇಡಂ,” ಎನ್ನುತ್ತಿದ್ದಳು. ತಪ್ಪೇನಿದೆ?

ಈಗ ನಾನೇ ಟ್ರೈನಿಗಳಿಗೆ ಕಲಿಸುತ್ತೇನೆ. ಪ್ರತಿ ವರ್ಷ ಆ ನೋಟ್ಸನ್ನು ಹೆಸರಿಲ್ಲದೆ ತರಗತಿಗೆ ಕೊಡುತ್ತೇನೆ. ಪ್ರತಿ ವರ್ಷವೂ ಒಬ್ಬರಾದರೂ, “ಮೌನವನ್ನು ಗೌರವಿಸಿದ್ದಾರೆ, ಚೆನ್ನಾಗಿದೆ,” ಎನ್ನುತ್ತಾರೆ. ಆಗ ನನ್ನ ಬೆನ್ನಲ್ಲಿ ಕೊಳದ ನೀರು ಇಳಿದ ಹಾಗಾಗುತ್ತದೆ. ಗೌರವಿಸಿ, ಬೇಡ ಎನ್ನುವುದಿಲ್ಲ, ಆದರೆ ಎದುರಿಗಿರುವ ಮನುಷ್ಯ ಅಲ್ಲೇ ಇದ್ದಾನೆಯೆ ಎಂದು ಮೊದಲು ನೋಡಿ, ಹೆಸರು ಹಿಡಿದು ಕರೆಯಿರಿ ಎಂದು ಅವರಿಗೆ ಹೇಳುತ್ತೇನೆ. ಮಾರ್ಕ್ಸ್ ಹೋದರೆ ಹೋಗಲಿ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದಕ್ಕೆ ಬೆಲೆ ತೆತ್ತವನು ಇನ್ನೊಬ್ಬ.

ಮಹೇಶ್ ಒಂದು ದಿನ ತಾನಾಗಿಯೇ ಬಂದ, ಮೂರು ವರ್ಷ ಕಳೆದ ಮೇಲೆ. ಒಂದು ಶಾಲೆಯಲ್ಲಿ ಮಕ್ಕಳಿಗೆ ಮೈದಾನದ ವ್ಯಾಯಾಮ ಕಲಿಸುತ್ತಿದ್ದ. ಎರಡು ವರ್ಷದಿಂದ ಫಿಟ್ಸ್ ಒಮ್ಮೆಯೂ ಬಂದಿಲ್ಲ ಎಂದ. ಆ ನೋಟ್ಸನ್ನು ನೋಡಬೇಕೆಂದ. ಕೊಟ್ಟೆ. ಇಡ್ಲಿಯ ಹಾಳೆಗೆ ಬಂದಾಗ ನಕ್ಕ, ನಾನೂ ನಕ್ಕೆ. ಕೊನೆಯ ಹಾಳೆ ಓದಿ ಮಡಿಲಲ್ಲಿ ಇಟ್ಟುಕೊಂಡು, ಕಿಟಕಿಯ ಕಡೆ ನೋಡುತ್ತ ಸುಮ್ಮನಾದ.

ನಾನು ಎಣಿಸಲಿಲ್ಲ.

“ಮಹೇಶ್?” ಎಂದೆ. “ಮಹೇಶ್!”

“ಇಲ್ಲೇ ಇದೀನಿ ಮೇಡಂ,” ಎಂದ, ಕಣ್ಣೊರೆಸಿಕೊಳ್ಳುತ್ತ. “ಈ ಸಲ ಬರೀ ಬೇಜಾರು ಅಷ್ಟೆ.”